ಬಸ್ಸು ಹೋಯ್ತಾ, ಬರಬೇಕಾ?

ನಮ್ಮ ಮನೆ ಹತ್ತಿರದ ಬಸ್ ಸ್ಟಾಪ್ ಪಕ್ಕ ಒಂದು ಇಸ್ತ್ರಿ ಗಾಡಿ ಇದೆ. ಮೈಸೂರಿನ ಕುವೆಂಪುನಗರದ ಕಡೆ ಇರುವವರಿಗೆ ಇಂಥ ಗಾಡಿ ಹೊಸದಲ್ಲ. ಗಾಡಿಯವರು ಬೆಳಿಗ್ಗೆ ಇದ್ದಿಲು ಹೊತ್ತಿಸಿ ರಸ್ತೆಗೆ ಮುಖ ಮಾಡಿ ನಿಂತರೆ ಮಧ್ಯಾಹ್ನದವರೆಗೂ ಅಲ್ಲೇ. ಸ್ಟಾಪಿಗೆ ಬಂದವರೆಲ್ಲ ಮೊದಲು ಕೇಳುವುದು ಅವರನ್ನೇ.

"ಅಣ್ಣ, ಬಸ್ಸು ಹೋಯ್ತಾ?"

ಅವರು ಪೆಟ್ಟಿಗೆ ಕೆಳಗಿಡದೆ ಹೇಳುತ್ತಾರೆ. "ಇಲ್ಲ ಕಣಮ್ಮ. ಮೇಲಕ್ಕೆ ಹೋಗಿ ಹತ್ತು ನಿಮಿಷ ಆಯ್ತು. ತಿರುಗಿಸ್ಕೊಂಡು ಬರಬೇಕು. ಇನ್ನೊಂದು ಐದು ನಿಮಿಷ."

ಬಹಳ ಸಲ ಆ ಐದು ನಿಮಿಷ ಐದೇ ಆಗಿರುತ್ತದೆ.

ಅವರ ಲೆಕ್ಕ ಹೇಗೆ ಅಂತ ಸ್ವಲ್ಪ ನೋಡಿ. ಎದುರು ಬದಿಯ ಸ್ಟಾಪಿನಲ್ಲಿ ಬಸ್ಸು ದಾಟಿದ್ದನ್ನು ಅವರು ಕಣ್ಣಾರೆ ಕಂಡಿರುತ್ತಾರೆ. ಅಲ್ಲಿಂದ ಕೊನೇ ಸ್ಟಾಪಿಗೆ ಎಷ್ಟು ಹೊತ್ತು ಅಂತ ಗೊತ್ತು. ಡ್ರೈವರ್ ಅಲ್ಲಿ ಟೀ ಕುಡಿಯಲು ಎಷ್ಟು ಹೊತ್ತು ನಿಲ್ಲಿಸುತ್ತಾರೆ ಅಂತಲೂ ಗೊತ್ತು. ಸ್ಕೂಲು ಬಿಡುವ ಹೊತ್ತಾದರೆ ಎರಡು ನಿಮಿಷ ಸೇರಿಸುತ್ತಾರೆ, ಭಾನುವಾರ ಆದರೆ ಎರಡು ನಿಮಿಷ ಕಳೆಯುತ್ತಾರೆ. ಈಗ ಎಲ್ಲರ ಬಾಯಲ್ಲೂ ಇರುವ ಸ್ಮಾರ್ಟ್ ಸಾರಿಗೆ ಅನ್ನುವುದರ ಹೊಟ್ಟೆಯೊಳಗಿರುವುದೂ ಇದೇ ಲೆಕ್ಕ. ಅದನ್ನು ಒಂದು ಸ್ಟಾಪಿನ ಬದಲು ಇಡೀ ಊರಿಗೆ ಮಾಡಬೇಕು, ಅಷ್ಟೇ. ಆ "ಅಷ್ಟೇ" ಅನ್ನುವುದರಲ್ಲೇ ಕಷ್ಟವೆಲ್ಲ ಇದೆ.

ಮೈಸೂರಿನಂಥ ಊರಿಗೆ ಈ ಪ್ರಶ್ನೆ ಯಾಕೆ ಮುಖ್ಯ? ನಮ್ಮ ಊರಲ್ಲಿ ದಿನದ ಓಡಾಟ ಹೆಚ್ಚಿನದು ಐದಾರು ಕಿಲೋಮೀಟರ್ ಒಳಗೇ ಮುಗಿಯುತ್ತದೆ. ಬಸ್ಸಿನಲ್ಲಿ ಕೂತರೆ ಇಪ್ಪತ್ತು ನಿಮಿಷದ ದಾರಿ. ಅದಕ್ಕೆ ಇಪ್ಪತ್ತು ನಿಮಿಷ ಕಾಯಬೇಕು ಅಂದರೆ ಯಾರಿಗಾದರೂ ಸ್ಕೂಟರ್ ನೆನಪಾಗುತ್ತದೆ. ಸಾರಿಗೆ ಯೋಜನೆ ಮಾಡುವವರು ಸ್ಟಾಪಿನಲ್ಲಿ ಕಾಯುವ ಒಂದು ನಿಮಿಷವನ್ನು ಬಸ್ಸಿನೊಳಗೆ ಕೂತ ಸುಮಾರು ಎರಡು ನಿಮಿಷಕ್ಕೆ ಸಮ ಅಂತ ಹಿಡಿಯುವುದು ರೂಢಿ. ಬಿಸಿಲಲ್ಲಿ ನಿಂತವರಿಗೆ ಅದು ಯಾಕೆ ಅಂತ ಹೇಳಬೇಕಿಲ್ಲ. ಬಸ್ಸು ಹೋಗಿಬಿಟ್ಟಿದೆಯೋ ಬರಬೇಕೋ ಅಂತಲೇ ಗೊತ್ತಿಲ್ಲದೆ ಕಾಯುವುದು ಇನ್ನೂ ಭಾರ. ಹನ್ನೆರಡು ನಿಮಿಷ ಅಂತ ಖಚಿತವಾಗಿ ಗೊತ್ತಿದ್ದರೆ ಪಕ್ಕದ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ತಗೊಂಡು ಬರಬಹುದು. ಗೊತ್ತಿಲ್ಲದಿದ್ದರೆ ಕತ್ತು ಚಾಚಿಕೊಂಡು ಸುಮ್ನೆ ನಿಂತಿರಬೇಕು.

ಈ ಗೊತ್ತು ಮಾಡಿಸುವ ಕೆಲಸ ಮೈಸೂರಿನಲ್ಲಿ ಶುರುವಾಗಿದ್ದು ದೇಶದ ಬಹಳ ಊರುಗಳಿಗಿಂತ ಮೊದಲೇ. 2012ರಲ್ಲಿ ಕೆಎಸ್‌ಆರ್‌ಟಿಸಿ ಇಲ್ಲಿ "ಮಿತ್ರ" ಅನ್ನುವ ವ್ಯವಸ್ಥೆ ತಂದಿತು. ವಿಶ್ವಬ್ಯಾಂಕ್ ನೆರವಿನ ಸುಸ್ಥಿರ ನಗರ ಸಾರಿಗೆ ಯೋಜನೆಯ ಭಾಗ ಅದು. ಸುಮಾರು 500 ಬಸ್ಸುಗಳಿಗೆ ಜಿಪಿಎಸ್ ಪೆಟ್ಟಿಗೆ, ನೂರಕ್ಕೂ ಹೆಚ್ಚು ಸ್ಟಾಪುಗಳಿಗೆ ಎಲ್‌ಇಡಿ ಬೋರ್ಡು, ಎಲ್ಲವನ್ನೂ ನೋಡುತ್ತಾ ಕೂರಲು ಒಂದು ಕಂಟ್ರೋಲ್ ರೂಮು. ಸ್ಮಾರ್ಟ್‌ಫೋನ್ ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ ಅದು ಅನ್ನುವುದನ್ನು ನೆನಪಿಡಿ.

ಜಿಪಿಎಸ್ ಅಂದ ತಕ್ಷಣ ಬಹಳ ಜನ ಆಕಾಶದಲ್ಲಿರುವ ಉಪಗ್ರಹ ನಮ್ಮ ಬಸ್ಸನ್ನು ನೋಡುತ್ತಿದೆ ಅಂದುಕೊಳ್ಳುತ್ತಾರೆ. ಉಪಗ್ರಹಕ್ಕೆ ಬಸ್ಸಿನ ಸುದ್ದಿಯೇ ಗೊತ್ತಿಲ್ಲ. ಅದು ಸುಮಾರು 20,000 ಕಿಲೋಮೀಟರ್ ಮೇಲೆ ಸುತ್ತುತ್ತಾ ರೇಡಿಯೋದಲ್ಲಿ ಸಮಯ ಹೇಳಿದ ಹಾಗೆ ಹೇಳುತ್ತಲೇ ಇರುತ್ತದೆ. "ನಾನು ಇಂಥವನು, ಈಗ ಇಲ್ಲಿದ್ದೇನೆ, ಈಗ ಗಂಟೆ ಇಷ್ಟು." ಬಸ್ಸಿನಲ್ಲಿರುವ ಪೆಟ್ಟಿಗೆ ಅದನ್ನು ಕೇಳಿಸಿಕೊಳ್ಳುತ್ತದೆ. ಆ ಮಾತು ತನ್ನ ಹತ್ತಿರ ಬರಲು ಎಷ್ಟು ಹೊತ್ತಾಯಿತು ಅಂತ ನೋಡಿ ಉಪಗ್ರಹ ಎಷ್ಟು ದೂರದಲ್ಲಿದೆ ಅಂತ ತಿಳಿಯುತ್ತದೆ. ಹೀಗೆ ಕಡಿಮೆ ಅಂದರೆ ನಾಲ್ಕು ಉಪಗ್ರಹಗಳ ದೂರ ಸಿಕ್ಕರೆ ತಾನು ಎಲ್ಲಿದ್ದೇನೆ ಅನ್ನುವ ಲೆಕ್ಕ ಕೂಡುತ್ತದೆ. ಮೂರು ಉಪಗ್ರಹ ಜಾಗ ಹಿಡಿಯಲು, ನಾಲ್ಕನೆಯದು ಪೆಟ್ಟಿಗೆಯ ಅಗ್ಗದ ಗಡಿಯಾರದ ತಪ್ಪು ತಿದ್ದಲು. ಸಮಯದಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ ಜಾಗದಲ್ಲಿ 300 ಮೀಟರ್ ತಪ್ಪುತ್ತದೆ. ಗಡಿಯಾರದ್ದು ಅಷ್ಟು ನಾಜೂಕಿನ ಕೆಲಸ.

ತಾನೆಲ್ಲಿದ್ದೇನೆ ಅಂತ ಗೊತ್ತಾದ ಮೇಲೆ ಪೆಟ್ಟಿಗೆ ಅದನ್ನು ಕಂಟ್ರೋಲ್ ರೂಮಿಗೆ ತಿಳಿಸಬೇಕು. ಅದಕ್ಕೆ ಉಪಗ್ರಹ ಬೇಡ, ನಮ್ಮ ಫೋನಿನಲ್ಲಿರುವಂಥದ್ದೇ ಒಂದು ಸಿಮ್ ಸಾಕು. ಕೆಲವು ಸೆಕೆಂಡಿಗೊಮ್ಮೆ ಒಂದು ಪುಟ್ಟ ಸಂದೇಶ ಹೋಗುತ್ತದೆ. ಬಸ್ಸಿನ ನಂಬರ್, ಜಾಗ, ವೇಗ, ಸಮಯ, ಇಷ್ಟೇ.

ಇಲ್ಲಿಂದ ಮುಂದೆ ನಮ್ಮ ಇಸ್ತ್ರಿ ಅಣ್ಣನ ಲೆಕ್ಕ. ಬಸ್ಸು ನಮ್ಮ ಸ್ಟಾಪಿಗೆ ಮೂರು ಕಿಲೋಮೀಟರ್ ದೂರದಲ್ಲಿದೆ ಅಂದುಕೊಳ್ಳಿ. ಮೊದಲ ಒಂದು ಕಿಲೋಮೀಟರ್ ಮಾರ್ಕೆಟ್ ರಸ್ತೆ. ಕಳೆದ ಹಲವು ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಅಲ್ಲಿ ಬಸ್ಸುಗಳು ಗಂಟೆಗೆ ಸರಾಸರಿ 12 ಕಿಲೋಮೀಟರ್ ವೇಗದಲ್ಲಿ ಹೋಗಿವೆ. ಅಂದರೆ ಐದು ನಿಮಿಷ. ಉಳಿದ ಎರಡು ಕಿಲೋಮೀಟರ್ ಸ್ವಲ್ಪ ಖಾಲಿ ರಸ್ತೆ, ಗಂಟೆಗೆ 20ರ ವೇಗ, ಆರು ನಿಮಿಷ. ನಡುವೆ ಮೂರು ಸ್ಟಾಪ್, ಒಂದೊಂದಕ್ಕೆ ಇಪ್ಪತ್ತು ಸೆಕೆಂಡ್, ಒಟ್ಟು ಒಂದು ನಿಮಿಷ. ಬೋರ್ಡಿನಲ್ಲಿ ಬರುವುದು 12 ನಿಮಿಷ. ಬಸ್ಸು ಮುಂದೆ ಬಂದ ಹಾಗೆ ಲೆಕ್ಕ ಮತ್ತೆ ಮತ್ತೆ ಹೊಸದಾಗುತ್ತದೆ.

ಇಂಥ ಬೋರ್ಡು ಎಲ್ಲೇ ಇರಲಿ, "3 ನಿಮಿಷ" ಅಂತ ತೋರಿಸಿ ಕೆಲವೊಮ್ಮೆ ಅಲ್ಲೇ ನಿಂತುಬಿಡುವುದು ಯಾಕೆ ಅಂತ ಇದರಿಂದ ತಿಳಿಯುತ್ತದೆ. ಲೆಕ್ಕ ನಿಂತಿರುವುದು ಹಳೆಯ ವೇಗಗಳ ಮೇಲೆ. ಇವತ್ತೇ ಮೊದಲ ಸಲ ಒಂದು ಮೆರವಣಿಗೆ ಬಂದರೆ, ರಸ್ತೆ ಅಗೆದಿದ್ದರೆ, ಯಂತ್ರಕ್ಕೆ ಅದು ಬಸ್ಸು ನಿಂತ ಮೇಲೇ ಗೊತ್ತಾಗುವುದು. ದಸರಾ ಸಮಯದಲ್ಲಿ ಅರಮನೆ ಸುತ್ತ ಏಕಮುಖ ಸಂಚಾರ ಮಾಡಿದಾಗ ಬಸ್ಸಿನ ದಾರಿಯೇ ಬದಲಾಗುತ್ತದೆ. ಆ ಬದಲಾವಣೆಯನ್ನು ಯಾರಾದರೂ ಕೂತು ಕಂಪ್ಯೂಟರಿಗೆ ಹೇಳಬೇಕು. ಹೇಳದಿದ್ದರೆ ಬಸ್ಸು ದಾರಿ ತಪ್ಪಿದೆ ಅಂತ ಅದು ತಿಳಿಯುತ್ತದೆ.

ಹೆಸರಿನ ತಾಪತ್ರಯ ಬೇರೆ. ನಮ್ಮೂರಿನಲ್ಲಿ ಒಂದು ಜಾಗಕ್ಕೆ ಒಂದೇ ಹೆಸರು ಇರುವುದು ಅಪರೂಪ. ಬೋರ್ಡಿನಲ್ಲಿ ಜಯಚಾಮರಾಜೇಂದ್ರ ವೃತ್ತ ಅಂತಿದ್ದರೂ ಜನರ ಬಾಯಲ್ಲಿ ಹಾರ್ಡಿಂಜ್ ಸರ್ಕಲ್. ಇಸ್ತ್ರಿ ಅಣ್ಣನಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಅವು ಎರಡು ಜಾಗ. ಅದಕ್ಕೇ ಪ್ರತಿ ಸ್ಟಾಪಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಸ್ಟಾಪುಗಳ ಪಟ್ಟಿ, ದಾರಿಗಳ ಪಟ್ಟಿ, ಸಮಯದ ಪಟ್ಟಿ ಎಲ್ಲವನ್ನೂ ಒಂದೇ ಮಾದರಿಯಲ್ಲಿ ಬರೆದಿಡುವ ಪದ್ಧತಿ ಬಂತು. ಅಮೆರಿಕದ ಪೋರ್ಟ್‌ಲೆಂಡ್ ನಗರದ ಸಾರಿಗೆ ಸಂಸ್ಥೆ ಮತ್ತು ಗೂಗಲ್ ಸೇರಿ 2005ರ ಸುಮಾರಿಗೆ ಮಾಡಿದ ಮಾದರಿ ಅದು. ಜಿಟಿಎಫ್‌ಎಸ್ ಅಂತ ಕರೆಯುತ್ತಾರೆ. ತೆರೆದು ನೋಡಿದರೆ ಅಲ್ಪವಿರಾಮ ಹಾಕಿ ಬರೆದ ಸಾದಾ ಪಟ್ಟಿಗಳು, ಬೇರೇನಿಲ್ಲ. ಆದರೆ ಒಂದು ಊರಿನ ಬಸ್ಸು ಯಾವ ಆ್ಯಪ್‌ನಲ್ಲಿ ಬೇಕಾದರೂ ಕಾಣಿಸುವುದು ಈ ಸಾದಾ ಪಟ್ಟಿ ಸರಿ ಇದ್ದಾಗ ಮಾತ್ರ. ಹೊಳೆಯುವ ಆ್ಯಪ್ ಮಾಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಪಟ್ಟಿಯನ್ನು ತಿಂಗಳು ತಿಂಗಳು ತಿದ್ದುವವರನ್ನು ಹುಡುಕಬೇಕು. ನನ್ನ ಮಟ್ಟಿಗೆ ಊರಿನ ಬುದ್ಧಿವಂತಿಕೆ ಇರುವುದು ಆ ತಿದ್ದುವ ಕುರ್ಚಿಯಲ್ಲಿ.

ಇನ್ನು ನಾನು ನಿಜವಾಗಿ ಹೇಳಬೇಕು ಅಂತಿದ್ದ ಲೆಕ್ಕಕ್ಕೆ ಬರುತ್ತೇನೆ. ಅರ್ಧ ಗಂಟೆ ಬಸ್ಸಿಲ್ಲ, ಆಮೇಲೆ ಎರಡು ಒಟ್ಟಿಗೆ ಬಂದವು, ಮುಂದಿನದು ತುಂಬಿ ತುಳುಕುತ್ತಿದೆ, ಹಿಂದಿನದು ಖಾಲಿ. ಪ್ರಪಂಚದ ಯಾವ ಊರಿನ ಬಸ್ ಪ್ರಯಾಣಿಕರನ್ನು ಕೇಳಿದರೂ ಈ ಮಾತು ಹೇಳುತ್ತಾರೆ. ಇದು ಡ್ರೈವರ್‌ಗಳು ಮಾತಾಡಿಕೊಂಡು ಮಾಡುವುದಲ್ಲ. ತಾನಾಗಿ ಆಗುತ್ತದೆ. ಹೇಗೆ ಅಂದರೆ, ಹತ್ತು ನಿಮಿಷಕ್ಕೊಂದು ಬಸ್ಸು ಹೊರಟಿದೆ. ಮುಂದಿನ ಬಸ್ಸು ಒಂದು ಸಿಗ್ನಲ್ಲಿನಲ್ಲಿ ಎರಡು ನಿಮಿಷ ತಡವಾಯಿತು. ಆ ಎರಡು ನಿಮಿಷದಲ್ಲಿ ಮುಂದಿನ ಸ್ಟಾಪಿನಲ್ಲಿ ಇನ್ನೂ ನಾಲ್ಕು ಜನ ಸೇರಿಕೊಂಡರು. ಅವರು ಹತ್ತುವುದಕ್ಕೆ ಹೊತ್ತು ಹಿಡಿಯಿತು, ಇನ್ನಷ್ಟು ತಡ. ಅದರ ಮುಂದಿನ ಸ್ಟಾಪಿನಲ್ಲಿ ಇನ್ನೂ ಜಾಸ್ತಿ ಜನ. ಹಿಂದಿನ ಬಸ್ಸಿಗೆ ಇದರ ತದ್ವಿರುದ್ಧ. ಅದರ ಪಾಲಿನ ಜನರನ್ನೆಲ್ಲ ಮುಂದಿನದೇ ಹತ್ತಿಸಿಕೊಂಡಾಯಿತು. ಅದಕ್ಕೆ ನಿಲ್ಲುವ ಕೆಲಸವೇ ಕಡಿಮೆ, ಬೇಗ ಬೇಗ ಬಂದು ಮುಂದಿನದರ ಬಾಲ ಹಿಡಿಯುತ್ತದೆ.

ಇದರಿಂದ ಆಗುವ ನಷ್ಟ ಎಷ್ಟು? ಹತ್ತು ನಿಮಿಷಕ್ಕೊಂದು ಸರಿಯಾಗಿ ಬಂದರೆ, ಯಾವಾಗಲೋ ಸ್ಟಾಪಿಗೆ ಬಂದ ಮನುಷ್ಯ ಸರಾಸರಿ ಐದು ನಿಮಿಷ ಕಾಯುತ್ತಾನೆ. ಈಗ ಅವೇ ಬಸ್ಸುಗಳು 18 ನಿಮಿಷ, 2 ನಿಮಿಷ, 18 ನಿಮಿಷ, 2 ನಿಮಿಷದ ಅಂತರದಲ್ಲಿ ಬರುತ್ತಿವೆ ಅಂದುಕೊಳ್ಳಿ. ಗಂಟೆಗೆ ಆರೇ ಬಸ್ಸು, ಡೀಸೆಲ್ ಅಷ್ಟೇ, ಸಂಬಳ ಅಷ್ಟೇ. ಆದರೆ 20 ನಿಮಿಷದಲ್ಲಿ 18 ನಿಮಿಷ ಉದ್ದನೆಯ ಅಂತರದ್ದು. ಹಾಗಾಗಿ ಹತ್ತು ಜನರಲ್ಲಿ ಒಂಬತ್ತು ಜನ ಆ ಉದ್ದನೆಯ ಅಂತರದಲ್ಲೇ ಸ್ಟಾಪಿಗೆ ಬಂದಿರುತ್ತಾರೆ, ಸರಾಸರಿ ಒಂಬತ್ತು ನಿಮಿಷ ಕಾಯುತ್ತಾರೆ. ಒಬ್ಬರು ಮಾತ್ರ ಒಂದು ನಿಮಿಷ ಕಾಯುತ್ತಾರೆ. ಒಟ್ಟು ಸರಾಸರಿ 8.2 ನಿಮಿಷ. ಐದು ಇದ್ದದ್ದು ಎಂಟು ದಾಟಿತು. ಒಂದು ಬಸ್ಸನ್ನೂ ಕಡಿಮೆ ಮಾಡದೆ ಊರಿನವರೆಲ್ಲರ ಮೂರು ನಿಮಿಷ ಹೋಯಿತು.

ಈ ಲೆಕ್ಕವನ್ನು ಹಿಂದುಮುಂದಾಗಿಯೂ ಓದಬಹುದು. ಒಂದೂ ಹೊಸ ಬಸ್ಸು ಕೊಳ್ಳದೆ, ಅಂತರ ಸರಿಮಾಡಿದರೆ ಸಾಕು, ಕಾಯುವ ಹೊತ್ತು ಮೂರು ನಿಮಿಷ ಇಳಿಯುತ್ತದೆ. ಜಿಪಿಎಸ್‌ನ ದೊಡ್ಡ ಉಪಯೋಗ ನನ್ನ ಲೆಕ್ಕದಲ್ಲಿ ಇದೇ. ಕಂಟ್ರೋಲ್ ರೂಮಿನ ಪರದೆಯ ಮೇಲೆ ಎರಡು ಚುಕ್ಕಿ ಹತ್ತಿರ ಬರುವುದು ಮೊದಲೇ ಕಾಣುತ್ತದೆ. ಹಿಂದಿನ ಬಸ್ಸಿನವರಿಗೆ ಹೇಳಿ ಒಂದು ಸ್ಟಾಪಿನಲ್ಲಿ ಎರಡು ನಿಮಿಷ ನಿಲ್ಲಿಸಿದರೆ ಅಂತರ ಮತ್ತೆ ಕೂಡಿಕೊಳ್ಳುತ್ತದೆ. ಒಳಗೆ ಕೂತವರು ಸುಮ್ಮನಿರುವುದಿಲ್ಲ, ನಿಜ. "ಏನ್ ಸಾರ್, ಯಾಕೆ ನಿಲ್ಸಿದೀರಾ?" ಅಂತ ಕಂಡಕ್ಟರ್ ಮೇಲೆ ಹೋಗುತ್ತಾರೆ. ಯಾಕೆ ಅಂತ ಅವರಿಗೆ ಹೇಳಿದರೆ ಒಪ್ಪುತ್ತಾರೆ ಅಂತ ನನ್ನ ನಂಬಿಕೆ. ಮುಂದಿನ ಸ್ಟಾಪಿನಲ್ಲಿ ನಿಂತವರೂ ನಮ್ಮವರೇ ತಾನೆ.

ಬಸ್ಸಿನಲ್ಲಿ ಇನ್ನೊಂದು ಸ್ಮಾರ್ಟ್ ವಸ್ತು ಇದೆ. ಯಾರೂ ಅದನ್ನು ಹಾಗೆ ಕರೆಯುವುದಿಲ್ಲ. ಕಂಡಕ್ಟರ್ ಕೈಯಲ್ಲಿರುವ ಟಿಕೆಟ್ ಮಿಷನ್. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಆದರೂ ಕಂಡಕ್ಟರ್ "ಎಲ್ಲಿಗಮ್ಮ?" ಅಂತ ಕೇಳಿ ಸೊನ್ನೆ ರೂಪಾಯಿಯ ಚೀಟಿ ಹರಿದು ಕೊಡುತ್ತಾರೆ. ದುಡ್ಡೇ ಇಲ್ಲದ ಮೇಲೆ ಚೀಟಿ ಯಾಕೆ ಅಂತ ಎಷ್ಟೋ ಜನ ಅದನ್ನು ಅಲ್ಲೇ ಮುದುರಿ ಎಸೆಯುತ್ತಾರೆ. ಸರ್ಕಾರ ಸಾರಿಗೆ ಸಂಸ್ಥೆಗೆ ಕೊಡಬೇಕಾದ ಹಣದ ಲೆಕ್ಕ ಆ ಚೀಟಿಯಿಂದಲೇ. ಅದಕ್ಕಿಂತ ದೊಡ್ಡ ಉಪಯೋಗ ಇನ್ನೊಂದಿದೆ. ಯಾವ ಸ್ಟಾಪಿನಿಂದ ಯಾವ ಸ್ಟಾಪಿಗೆ, ಎಷ್ಟು ಗಂಟೆಗೆ, ಎಷ್ಟು ಜನ ಹೋಗುತ್ತಾರೆ ಅನ್ನುವುದು ಅದರಲ್ಲಿ ದಾಖಲಾಗುತ್ತದೆ.

ಮೊದಲೆಲ್ಲ ಇದನ್ನು ತಿಳಿಯಲು ಸ್ಟಾಪುಗಳಲ್ಲಿ ಹುಡುಗರನ್ನು ನಿಲ್ಲಿಸಿ ಕಾಗದದ ಮೇಲೆ ಬರೆಸುತ್ತಿದ್ದರು. ಎರಡು ದಿನದ ಸರ್ವೇ, ಹತ್ತು ವರ್ಷದ ತೀರ್ಮಾನ. ಈಗ ಪ್ರತಿದಿನದ ಲೆಕ್ಕ ಮಿಷನ್ನಿನಲ್ಲೇ ಸಿಗುತ್ತದೆ. ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಪಾಳಿ ಸಂಜೆ ಆರಕ್ಕೆ ಮುಗಿದು, ಬಸ್ಸು ಐದೂ ಐವತ್ತಕ್ಕೆ ಹೊರಟುಹೋಗುತ್ತಿದೆ ಅಂದುಕೊಳ್ಳಿ. ಆ ಬಸ್ಸಿನಲ್ಲಿ ಎಂಟು ಚೀಟಿ, ಆರೂಮುಕ್ಕಾಲಿನ ಬಸ್ಸಿನಲ್ಲಿ ತೊಂಬತ್ತು ಚೀಟಿ ಕಂಡರೆ ಏನು ಮಾಡಬೇಕು ಅಂತ ತಿಳಿಯಲು ತಜ್ಞರು ಬೇಕಿಲ್ಲ. ಹಾಗಾಗಿ ಎಲ್ಲಿ ಇಳಿಯುತ್ತೀರೋ ಅದೇ ಸ್ಟಾಪಿನ ಹೆಸರು ಹೇಳಿ. ಸುಮ್ನೆ ಬಾಯಿಗೆ ಬಂದ ಕೊನೇ ಸ್ಟಾಪ್ ಹೇಳಬೇಡಿ. ನಿಮ್ಮ ಬಡಾವಣೆಗೆ ಬಸ್ಸು ಬರುವುದು ಬಿಡುವುದು ಆ ಚೀಟಿಯಲ್ಲಿದೆ.

ಕಾಯುವುದಾಯಿತು. ಇನ್ನು ಹೊಗೆಯ ಮಾತು.

ಚಾಮುಂಡಿ ಬೆಟ್ಟದಿಂದ 201ನೇ ನಂಬರ್ ಬಸ್ಸಿನಲ್ಲಿ ಇಳಿಯುವಾಗ ಕಿಟಕಿ ಪಕ್ಕ ಕೂತಿದ್ದರೆ ಬಸ್ಸು ಏನು ಮಾಡುತ್ತಿದೆ ಅಂತ ಕಾಲಿಗೇ ಗೊತ್ತಾಗುತ್ತದೆ. ಡ್ರೈವರ್ ಗೇರು ಇಳಿಸಿ, ಬ್ರೇಕ್ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಇಳಿಸುತ್ತಾರೆ. ಯಾವುದೇ ಭಾರದ ಗಾಡಿ ಹೀಗೆ ಇಳಿದು ಬಂದಾಗ ಚಕ್ರದ ಹತ್ತಿರ ಕೈ ಹಿಡಿದರೆ ಬಿಸಿ ತಾಗುತ್ತದೆ. ಆ ಬಿಸಿ ಎಲ್ಲಿಂದ ಬಂತು? ಹತ್ತುವಾಗ ಡೀಸೆಲ್ ಸುಟ್ಟು ಗಳಿಸಿದ ಶಕ್ತಿ ಅದು.

ಲೆಕ್ಕ ಹಾಕಿ ನೋಡೋಣ. ಜನ ಕೂತ ಬಸ್ಸಿನ ತೂಕ 15 ಟನ್ ಅಂದುಕೊಳ್ಳಿ. ಊರಿನಿಂದ ಬೆಟ್ಟದ ಮೇಲಕ್ಕೆ ಸುಮಾರು 300 ಮೀಟರ್ ಏರು. ಆ ತೂಕವನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ ನಮ್ಮ ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಸುಮಾರು 12 ಯೂನಿಟ್. ಒಂದು ಲೀಟರ್ ಡೀಸೆಲ್‌ನಲ್ಲಿ ಹತ್ತು ಯೂನಿಟ್‌ನಷ್ಟು ಶಾಖ ಇದ್ದರೂ ಎಂಜಿನ್ ಅದರ ಮೂರನೇ ಒಂದು ಭಾಗವನ್ನು ಮಾತ್ರ ಚಕ್ರಕ್ಕೆ ಕೊಡಬಲ್ಲದು. ಉಳಿದದ್ದು ಹೊಗೆಯ ಜೊತೆ, ರೇಡಿಯೇಟರ್ ಜೊತೆ ಹೋಗುತ್ತದೆ. ಹಾಗಾಗಿ ಬರೀ ಎತ್ತರ ಏರಲಿಕ್ಕೇ ಮೂರೂವರೆ ಲೀಟರ್ ಬೇಕು. ಇಳಿಯುವಾಗ ಅದರಲ್ಲಿ ಒಂದು ಹನಿಯೂ ಟ್ಯಾಂಕಿಗೆ ವಾಪಸ್ ಬರುವುದಿಲ್ಲ.

ಎಲೆಕ್ಟ್ರಿಕ್ ಬಸ್ಸಿನ ಮೋಟಾರಿಗೆ ಒಂದು ಗುಣ ಇದೆ. ಕರೆಂಟ್ ಕೊಟ್ಟರೆ ಅದು ಚಕ್ರ ತಿರುಗಿಸುತ್ತದೆ. ಚಕ್ರವೇ ಅದನ್ನು ತಿರುಗಿಸಿದರೆ ಕರೆಂಟ್ ಕೊಡುತ್ತದೆ. ಹಳೇ ಸೈಕಲ್ಲಿನ ಡೈನಮೋ ನೆನಪು ಮಾಡಿಕೊಳ್ಳಿ. ಡೈನಮೋ ಹಾಕಿದ ತಕ್ಷಣ ಪೆಡಲ್ ಭಾರವಾಗುತ್ತಿತ್ತು ಅಲ್ವಾ? ಆ ಭಾರವೇ ಇಲ್ಲಿ ಬ್ರೇಕು. ಬಸ್ಸು ಇಳಿಯುವಾಗ ಮೋಟಾರು ಡೈನಮೋ ಆಗುತ್ತದೆ, ಬಸ್ಸಿನ ವೇಗ ತಗ್ಗಿಸುತ್ತದೆ, ಹುಟ್ಟಿದ ಕರೆಂಟನ್ನು ಬ್ಯಾಟರಿಗೆ ತುಂಬುತ್ತದೆ. ಟೈರಿನ ತಿಕ್ಕಾಟ, ಗಾಳಿಯ ತಡೆ, ತಂತಿಯಲ್ಲಿ ಆಗುವ ನಷ್ಟ ಎಲ್ಲ ಕಳೆದು 12ರಲ್ಲಿ ಅರ್ಧ ವಾಪಸ್ ಸಿಕ್ಕಿದರೂ ಆರು ಯೂನಿಟ್. ಸಮತಟ್ಟಾದ ರಸ್ತೆಯಲ್ಲಿ ಇಂಥ ಬಸ್ಸಿಗೆ ಕಿಲೋಮೀಟರಿಗೆ ಒಂದು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ಬೇಕು. ಅಂದರೆ ಬೆಟ್ಟ ಇಳಿದ ಬಸ್ಸು ಮುಂದಿನ ಐದು ಕಿಲೋಮೀಟರಿನ ಊಟ ಕಟ್ಟಿಕೊಂಡೇ ಬಂದ ಹಾಗೆ. ಬೆಟ್ಟದ ಮೇಲೆ ಬ್ಯಾಟರಿ ಪೂರ್ತಿ ತುಂಬಿಸಿ ಹೊರಡಬಾರದು, ಅಷ್ಟೇ. ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಸುವುದಿಲ್ಲ.

ಬೆಟ್ಟ ಬಿಡಿ, ಊರೊಳಗೂ ಇದೇ ಗುಣ ಕೆಲಸಕ್ಕೆ ಬರುತ್ತದೆ. ಸಿಟಿ ಬಸ್ಸಿನ ಬದುಕೇ ನಿಲ್ಲುವುದು, ಹೊರಡುವುದು. ಡೀಸೆಲ್ ಬಸ್ಸು ಲೀಟರಿಗೆ ನಾಲ್ಕೈದು ಕಿಲೋಮೀಟರ್ ಕೊಡುವುದಕ್ಕೆ ಅದೇ ಕಾರಣ. ಪ್ರತಿ ಸ್ಟಾಪಿನಲ್ಲೂ ಓಟದ ಶಕ್ತಿ ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ಎಲೆಕ್ಟ್ರಿಕ್ ಬಸ್ಸಿಗೆ ಪ್ರತಿ ಸ್ಟಾಪೂ ಒಂದು ಸಣ್ಣ ಬೆಟ್ಟ.

2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಪಿಎಂ ಇ-ಬಸ್ ಸೇವಾ ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೇಶಕ್ಕೆ 10,000 ಎಲೆಕ್ಟ್ರಿಕ್ ಬಸ್ಸು, ಮೈಸೂರಿನ ಪಾಲಿಗೆ 100. ಇದರಲ್ಲಿ ಬಸ್ಸು ಕೊಳ್ಳುವುದು ಓಡಿಸುವುದು ಖಾಸಗಿಯವರು. ಅವರಿಗೆ ಟಿಕೆಟ್ ದುಡ್ಡಿನ ಲೆಕ್ಕದಲ್ಲಿ ಕೊಡದೆ ಓಡಿಸಿದ ಕಿಲೋಮೀಟರಿಗೆ ಇಷ್ಟು ಅಂತ ಕೊಡುತ್ತಾರೆ. ಇದರಿಂದ ಜನ ಕಡಿಮೆ ಇರುವ ಬಡಾವಣೆಗೂ ಬಸ್ಸು ಬಿಡಲು ಅವರಿಗೆ ಬೇಸರ ಇರುವುದಿಲ್ಲ. ಖಾಲಿ ಓಡಿದರೂ ದುಡ್ಡು ಬರುತ್ತದೆ ಅನ್ನುವ ಇನ್ನೊಂದು ಮುಖವೂ ಇದೆ. ಹಾಗಾಗಿ ಯಾವ ದಾರಿ, ಎಷ್ಟು ಹೊತ್ತಿಗೆ ಅನ್ನುವ ತೀರ್ಮಾನ ಊರಿನ ಕೈಯಲ್ಲೇ ಗಟ್ಟಿಯಾಗಿ ಉಳಿಯಬೇಕು. ಮತ್ತೆ ಆ ಚೀಟಿಗಳ ಲೆಕ್ಕವೇ ಬೇಕು.

ಕರೆಂಟ್ ಎಲ್ಲಿಂದ ಬರುತ್ತದೆ, ಕಲ್ಲಿದ್ದಲು ಸುಟ್ಟು ಮಾಡಿದರೆ ಏನು ಬಂತು ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಸರಿಯಾದ ಪ್ರಶ್ನೆ. ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿ ನೀರಿನಿಂದ ಕರೆಂಟ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದ ರಾಜ್ಯ ನಮ್ಮದು. ಇವತ್ತು ಅದರ ಜೊತೆಗೆ ಪಾವಗಡದಂಥ ಕಡೆ ಬಿಸಿಲಿನಿಂದ ಬರುವ ಕರೆಂಟ್ ಇದೆ, ಗಾಳಿಯದೂ ಇದೆ. ಆದರೆ ಬಿಸಿಲಿನ ಕರೆಂಟ್ ಸಿಗುವುದು ಹಗಲಿಗೆ, ಬಸ್ಸು ಡಿಪೋದಲ್ಲಿ ನಿಲ್ಲುವುದು ರಾತ್ರಿಗೆ. ಬೆಳಗಿನ ಗದ್ದಲ ಮುಗಿದು ಹನ್ನೊಂದರಿಂದ ಮೂರರವರೆಗೆ ಕೆಲವು ಬಸ್ಸುಗಳಿಗೆ ಬಿಡುವು ಇರುತ್ತದೆ. ಆ ಹೊತ್ತಿನಲ್ಲಿ ಸರದಿಯ ಮೇಲೆ ಚಾರ್ಜ್ ಮಾಡಿದರೆ ಬಿಸಿಲೇ ಬಸ್ಸಿಗೆ ಹೋಗುತ್ತದೆ. ಯಾವ ಬಸ್ಸಿನ ಬ್ಯಾಟರಿ ಎಷ್ಟಿದೆ, ಅದರ ಸಂಜೆಯ ಪಾಳಿ ಎಲ್ಲಿಗೆ, ಈಗ ಎಷ್ಟು ತುಂಬಿಸಿದರೆ ಸಾಕು ಅಂತ ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಒಟ್ಟಿಗೆ ಎಲ್ಲವನ್ನೂ ಪ್ಲಗ್ ಮಾಡಿದರೆ ಆ ಏರಿಯಾದ ಟ್ರಾನ್ಸ್‌ಫಾರ್ಮರ್ ತಡೆಯುವುದಿಲ್ಲ.

ಸೈಕಲ್ ವಿಷಯ ಬೇಗ ಹೇಳಿಬಿಡುತ್ತೇನೆ. ಮೈಸೂರಿನ ಬಾಡಿಗೆ ಸೈಕಲ್ ಯೋಜನೆ ಟ್ರಿಣ್ ಟ್ರಿಣ್ 2017ರ ಜೂನ್ 4ರಂದು ಶುರುವಾಯಿತು, 48 ನಿಲ್ದಾಣ, 450 ಸೈಕಲ್. ಕಾರ್ಡ್ ತೋರಿಸಿ ಒಂದು ಕಡೆ ತೆಗೆದು ಇನ್ನೊಂದು ಕಡೆ ಬಿಡುವುದು. ಇದರ ಕಷ್ಟ ಬೀಗದಲ್ಲಿಲ್ಲ, ಇಳಿಜಾರಿನಲ್ಲಿದೆ. ಇಳಿಜಾರಿಗೆ ಎಲ್ಲರೂ ತುಳಿಯುತ್ತಾರೆ, ಏರಿಗೆ ಆಟೋ ಹತ್ತುತ್ತಾರೆ. ಬೆಳಿಗ್ಗೆ ಎಲ್ಲರೂ ಕೆಲಸದ ಕಡೆಗೆ, ಸಂಜೆ ಮನೆ ಕಡೆಗೆ. ಹಾಗಾಗಿ ಒಂದು ನಿಲ್ದಾಣ ತುಂಬಿ, ಇನ್ನೊಂದು ಬರಿದಾಗುತ್ತದೆ. ಇಂಥ ಯೋಜನೆ ಯಾವ ಊರಿನಲ್ಲಿದ್ದರೂ ಅದರ ಹಿಂದೆ ಒಂದು ಗಾಡಿ ಸೈಕಲ್ ಹೇರಿಕೊಂಡು ಓಡಾಡುತ್ತಿರುತ್ತದೆ. ಎಲ್ಲಿಂದ ಎಷ್ಟು ಎತ್ತಿ ಎಲ್ಲಿ ಇಳಿಸಬೇಕು ಅಂತ ಮುಂಚೆಯೇ ಊಹಿಸುವುದೇ ಇದರ ತಂತ್ರಜ್ಞಾನ.

ಸಿಗ್ನಲ್ಲಿನ ಬಗ್ಗೆಯೂ ಒಂದು ಮಾತು. ಕ್ಯಾಮೆರಾ ಇಟ್ಟು ಸಾಲು ಎಷ್ಟು ಉದ್ದ ಅಂತ ಎಣಿಸಿ ಹಸಿರು ದೀಪವನ್ನು ಹೆಚ್ಚು ಕಡಿಮೆ ಮಾಡುವ ಸಿಗ್ನಲ್ ಒಳ್ಳೆಯದೇ. ಆದರೆ ಅದು ಎಣಿಸುವುದು ಗಾಡಿಗಳನ್ನು. ಹತ್ತು ಕಾರಿನಲ್ಲಿ ಹದಿನೈದು ಜನ, ಒಂದು ಬಸ್ಸಿನಲ್ಲಿ ಅರವತ್ತು ಜನ. ಜಿಪಿಎಸ್ ಇರುವ ಬಸ್ಸು ಹತ್ತಿರ ಬರುತ್ತಿದೆ ಅಂತ ಸಿಗ್ನಲ್ಲಿಗೆ ತಿಳಿಸಿ, ಹಸಿರನ್ನು ಎಂಟು ಸೆಕೆಂಡ್ ಜಾಸ್ತಿ ಹಿಡಿಯುವ ಹಾಗೆ ಮಾಡಬಹುದು. ಹಲವು ದೇಶಗಳಲ್ಲಿ ಇದು ಮಾಮೂಲು. ಇನ್ನು ನಮ್ಮ ಊರಿನ ಸರ್ಕಲ್ಲುಗಳನ್ನು ಮರೆಯಬಾರದು. 1903ರಲ್ಲೇ ನಗರ ಅಭಿವೃದ್ಧಿಗೆ ಟ್ರಸ್ಟ್ ಬೋರ್ಡ್ ಕಟ್ಟಿಕೊಂಡ ಊರು ಇದು. ಒಳಗಿರುವ ಗಾಡಿಗೆ ದಾರಿ ಬಿಟ್ಟು ಹೊರಗಿನವರು ಕಾಯುವ ಒಂದೇ ನಿಯಮದಲ್ಲಿ ಸರ್ಕಲ್ಲು ತಾನಾಗಿ ನಡೆಯುತ್ತದೆ. ಕರೆಂಟ್ ಬೇಡ, ಕ್ಯಾಮೆರಾ ಬೇಡ. ಗಾಡಿಗಳು ಗಂಟೆಗೆ ಮೂರು ಸಾವಿರ ದಾಟಿದ ಮೇಲೆ ಅದಕ್ಕೆ ಕಷ್ಟ. ಅಲ್ಲಿಯವರೆಗೆ ಅದನ್ನು ಒಡೆದು ಸಿಗ್ನಲ್ ಹಾಕುವ ಮುಂಚೆ ಎರಡು ಸಲ ಯೋಚಿಸಬೇಕು ಅಂತ ನಾನು ಹೇಳುತ್ತೇನೆ.

ಮಂಡ್ಯದಿಂದ ದಿನಾ ರೈಲಿನಲ್ಲಿ ಬಂದು ಹೋಗುವವರಿಗೆ ಬೇರೆಯದೇ ಚಿಂತೆ. ರೈಲು ಎಂಟು ನಿಮಿಷ ತಡ, ಅಷ್ಟರಲ್ಲಿ ಸಿಟಿ ಬಸ್ಸು ಹೋಗಿಯಾಯಿತು. ರೈಲಿನ ಸಮಯ ಒಂದು ಕಂಪ್ಯೂಟರಿನಲ್ಲಿ, ಬಸ್ಸಿನದು ಇನ್ನೊಂದರಲ್ಲಿ. ಎರಡನ್ನೂ ಮಾತಾಡಿಸಿದರೆ ಬಸ್ಸಿಗೆ "ನಾಲ್ಕು ನಿಮಿಷ ನಿಲ್ಲು" ಅಂತ ಹೇಳಬಹುದು. ಟಿಕೆಟ್ ಕಡೆಯಿಂದ ಒಂದು ಹೆಜ್ಜೆ ಆಗಿದೆ. 2019ರ ಮಾರ್ಚ್‌ನಲ್ಲಿ ಬಂದ ಎನ್‌ಸಿಎಂಸಿ ಕಾರ್ಡ್ ಯಾವ ಊರಿನ ಬಸ್ಸಿಗೂ ಮೆಟ್ರೋಗೂ ನಡೆಯಬೇಕು ಅನ್ನುವ ಉದ್ದೇಶದ್ದು. ದುಡ್ಡು ಕಾರ್ಡಿನ ಚಿಪ್‌ನಲ್ಲೇ ಇರುವುದರಿಂದ ನೆಟ್‌ವರ್ಕ್ ಇಲ್ಲದ ಜಾಗದಲ್ಲೂ ಮುಟ್ಟಿಸಿದ ತಕ್ಷಣ ಕೆಲಸ ಆಗುತ್ತದೆ. ಬಾಗಿಲಲ್ಲಿ ನೂಕುನುಗ್ಗಲು ಇರುವಾಗ ಆ ಒಂದು ಸೆಕೆಂಡ್ ಬಹಳ ದೊಡ್ಡದು.

ಇಷ್ಟೆಲ್ಲದರಲ್ಲಿ ನಮ್ಮ ಅಮ್ಮನಿಗೆ ಬೇಕಾಗಿರುವುದು ಒಂದೇ. ಅವರ ಹತ್ತಿರ ಇರುವುದು ಬಟನ್ ಫೋನು, ಆ್ಯಪ್ ಇಲ್ಲ. ಕಣ್ಣಿನ ಪೊರೆ ತೆಗೆಸಿದ ಮೇಲೂ ರಾತ್ರಿ ಹೊತ್ತು ಓಡುವ ಕೆಂಪು ಅಕ್ಷರ ಓದಲು ಆಗುವುದಿಲ್ಲ. ಹಾಗಾಗಿ ಸ್ಟಾಪಿನ ಹೆಸರನ್ನು ಕೂಗಿ ಹೇಳುವ ಬಸ್ಸು ಅಂದರೆ ಅವರಿಗೆ ಇಷ್ಟ. ಅದರ ಹಿಂದಿರುವುದೂ ಇದೇ ಜಿಪಿಎಸ್. ಸ್ಟಾಪ್ ಇನ್ನೂರು ಮೀಟರ್ ಇರುವಾಗ ಪೆಟ್ಟಿಗೆಯೇ ಧ್ವನಿ ಹಾಕುತ್ತದೆ. ಧ್ವನಿ ಇಲ್ಲದ ಬಸ್ಸಿನಲ್ಲಿ ಅಮ್ಮ ರಸ್ತೆ ಹಂಪ್ ಎಣಿಸುತ್ತಾರೆ. ದೊಡ್ಡ ತಿರುವು ಆದ ಮೇಲೆ ಮೂರನೇ ಹಂಪ್, ಆಗ ಎದ್ದು ಕಂಬಿ ಹಿಡಿದುಕೊಳ್ಳಬೇಕು. ಹೋದ ವಾರ ಆ ರಸ್ತೆಗೆ ಹೊಸದಾಗಿ ಟಾರು ಹಾಕಿದರು. ಒಂದು ಹಂಪ್ ಮುಚ್ಚಿಹೋಯಿತು. ಅಮ್ಮ ಒಂದು ಸ್ಟಾಪ್ ಮುಂದೆ ಇಳಿದು, ಮಳೆಯಲ್ಲಿ ಸೆರಗು ತಲೆಗೆ ಹಾಕಿಕೊಂಡು ನಡೆದು ಬಂದರು.